ಖಾಲಿ ಬಕೆಟ್, ತುಂಬಿದ ಬಕೆಟ್: ಗುರುತ್ವ ಕೇಂದ್ರದ ಒಂದು ಪಾಠ

ಪಾಠದ ಹಿನ್ನೆಲೆ

ಬೆಳಗಾವಿಯ ನಮ್ಮ ಮಹಾವಿದ್ಯಾಲಯದಿಂದ ಅಭ್ಯಾಸ ಬೋಧನೆಗಾಗಿ ನನ್ನನ್ನು ಖಾನಾಪುರದ ಒಂದು ಪ್ರೌಢಶಾಲೆಗೆ ಕಳುಹಿಸಿದ್ದರು. ಒಂಬತ್ತನೆಯ ತರಗತಿಗೆ ಗುರುತ್ವ ಕೇಂದ್ರ ಮತ್ತು ಸಮತೋಲನದ ಪಾಠ ನನ್ನ ಪಾಲಿಗೆ ಬಂದಿತ್ತು. ಮಕ್ಕಳು ಕಣ್ಣಾರೆ ಕಂಡ ಉದಾಹರಣೆ ಬೇಕೆಂದು ಸ್ಕಿಡ್ ಸ್ಟಿಯರ್ ಲೋಡರ್ ಆರಿಸಿಕೊಂಡೆ. ಇಕ್ಕಟ್ಟಾದ ಓಣಿಗಳಲ್ಲಿ ಗಟಾರ, ರಸ್ತೆ ಕೆಲಸಕ್ಕೆ ಬರುವ, ಜನ ‘ಬಾಬ್‌ಕ್ಯಾಟ್’ ಎಂದು ಕರೆಯುವ ಚಿಕ್ಕ ಯಂತ್ರವಿದು. 1957ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕೆಲರ್ ಸಹೋದರರು ಟರ್ಕಿ ಕೋಳಿ ಸಾಕುವವರೊಬ್ಬರ ಕೊಟ್ಟಿಗೆ ಬಳಿಯಲೆಂದು ಇದರ ಮೊದಲ ರೂಪವನ್ನು ತಯಾರಿಸಿದರು.

ಇದರ ಚಕ್ರಗಳು ಕಾರಿನ ಚಕ್ರಗಳಂತೆ ಪಕ್ಕಕ್ಕೆ ಹೊರಳುವುದಿಲ್ಲ. ಎಡ ಮತ್ತು ಬಲಬದಿಯ ಚಕ್ರಗಳ ವೇಗ ಬೇರೆಯಾದಾಗ ಯಂತ್ರ ಜಾರುತ್ತ ದಿಕ್ಕು ಬದಲಿಸುತ್ತದೆ, ನಿಂತಲ್ಲೇ ಸುತ್ತಲೂಬಲ್ಲದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಕಡಿಮೆ. ಆದ್ದರಿಂದ ಭಾರ ತಪ್ಪಿದರೆ ಮಗುಚುವುದೂ ಬೇಗ.

ಮೊದಲ ದಿನದ ತಪ್ಪು

ಪಾಠಯೋಜನೆಯಲ್ಲಿ ಆರು ಸುರಕ್ಷತಾ ನಿಯಮಗಳನ್ನು ಬರೆದುಕೊಂಡು ಹೋಗಿದ್ದೆ. ಅವನ್ನು ಕಪ್ಪುಹಲಗೆಯ ಮೇಲೆ ಬರೆದೆ. ಮೂರನೆಯದು: ‘ಏರು ಹತ್ತುವಾಗ ಬಕೆಟ್ ಯಾವಾಗಲೂ ಮುಂದಿರಲಿ.’ ಮನೆಯಲ್ಲಿ ಇಂಥ ಯಂತ್ರ ನಡೆಸುವವರಿದ್ದರೆ ಓದಿ ಹೇಳಿರಿ ಎಂದೂ ಸೂಚಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಸರ್, ನಮ್ಮಣ್ಣ ಬೆಳಗಾವ್ಯಾಗ ಇದನ್ನ ಹೊಡಿತಾನ್ರಿ. ಲಾರಿಗೆ ಏರಸೂ ಮುಂದ ಹಿಂದ್ ಹಿಂದ ಏರಸ್ತಾನ್ರಿ. ಅದು ತಪ್ಪೇನ್ರಿ?”

“ಬಕೆಟ್ ಖಾಲಿ ಇರ್ತದೇನಪಾ?”

“ಹೌದ್ರಿ ಸರ್, ಖಾಲಿ.”

ನನ್ನಲ್ಲಿ ಉತ್ತರವಿರಲಿಲ್ಲ. ಮೂರನೆಯ ನಿಯಮವನ್ನು ಅಳಿಸಿ, “ಇದನ್ನ ಮನ್ಯಾಗ ಹೇಳಬ್ಯಾಡ್ರಿ, ನಾಳೆ ನೋಡೂಣು” ಎಂದೆ. ಪಾಠ ಮುಗಿದ ಮೇಲೆ ಮೇಲ್ವಿಚಾರಕರು ಒಂದೇ ಪ್ರಶ್ನೆ ಕೇಳಿದರು: “ಆ ನಿಯಮ ಯಾಕೆ ಅನ್ನೋದು ನಿಮಗ ಗೊತ್ತಿತ್ತೇನು?” ಗೊತ್ತಿರಲಿಲ್ಲ.

ಅಂದು ಸಂಜೆ ಓದಿ ತಿಳಿದುಕೊಂಡೆ. ಎಂಜಿನ್ ಹಿಂಬದಿಯಲ್ಲಿರುವುದರಿಂದ ಖಾಲಿ ಯಂತ್ರದ ಬಹುಪಾಲು ಭಾರ ಹಿಂದಿನ ಚಕ್ರಗಳ ಮೇಲಿರುತ್ತದೆ. ಬಕೆಟ್ ತುಂಬಿದಾಗ ಭಾರ ಮುಂದಕ್ಕೆ ಸರಿಯುತ್ತದೆ. ಏರಿನಲ್ಲಿ ಭಾರವಾದ ತುದಿ ಮೇಲಿರಬೇಕು. ಅಂದರೆ ಖಾಲಿ ಯಂತ್ರ ಹಿಮ್ಮುಖವಾಗಿ ಏರಬೇಕು, ತುಂಬಿದ್ದು ಮುಮ್ಮುಖವಾಗಿ. ಹುಡುಗನ ಅಣ್ಣ ಮಾಡುತ್ತಿದ್ದುದೇ ಸರಿ. ಅಪಾಯವಿದ್ದದ್ದು ನನ್ನ ‘ಯಾವಾಗಲೂ’ ಎಂಬ ಪದದಲ್ಲಿ.

ಎರಡನೆಯ ದಿನದ ಪ್ರಾತ್ಯಕ್ಷಿಕೆ

ಸಾಮಗ್ರಿ: ರಟ್ಟಿನ ಡಬ್ಬಿ, ಕಲ್ಲು, ಮರದ ಅಳತೆಪಟ್ಟಿ, ಚಹಾದ ಕಾಗದದ ಕಪ್ಪು, ಮಣ್ಣು, ಗೋಣಿತಟ್ಟು ಸುತ್ತಿದ ಹಲಗೆ. ಡಬ್ಬಿಯ ಹಿಂಬದಿಯಲ್ಲಿ ಸ್ವಲ್ಪ ಎತ್ತರಕ್ಕೆ ಕಲ್ಲು ಕಟ್ಟಿದೆ, ಅದು ಎಂಜಿನ್. ಮುಂದೆ ಚಾಚಿದ ಪಟ್ಟಿಯ ತುದಿಯ ಕಪ್ಪು ಬಕೆಟ್.

ಖಾಲಿ ಡಬ್ಬಿಯನ್ನು ಕಪ್ಪು ಮೇಲ್ಮುಖವಾಗಿ ಇಟ್ಟು ಹಲಗೆ ಎತ್ತುತ್ತ ಹೋದಾಗ ಅದು ಹಿಂದಕ್ಕೆ ಮಗುಚಿತು. ತಿರುಗಿಸಿ ಇಟ್ಟಾಗ ಅದೇ ಇಳಿಜಾರಿನಲ್ಲಿ ನಿಂತಿತು. ಕಪ್ಪಿಗೆ ಮಣ್ಣು ತುಂಬಿದಾಗ ಫಲಿತಾಂಶ ತಿರುವುಮುರುವಾಯಿತು. ತುಂಬಿದ ಕಪ್ಪನ್ನು ಎತ್ತರಕ್ಕೆ ಕಟ್ಟಿದಾಗ ಇನ್ನೂ ಕಡಿಮೆ ಇಳಿಜಾರಿಗೇ ಬಿತ್ತು. ಮನೆಯಲ್ಲಿ ಮರಾಠಿ ಆಡುವ ಮಕ್ಕಳಿಗೆ ‘ಗುರುತ್ವ ಕೇಂದ್ರ’ ಕಠಿಣವಾಗಿತ್ತು. ಎರಡೂ ಭಾಷೆಯವರಿಗೆ ಗೊತ್ತಿದ್ದ ‘ವಜನ’ದಿಂದ ಆರಂಭಿಸಿ ಪಾರಿಭಾಷಿಕ ಪದಕ್ಕೆ ಬಂದೆವು.

ಈ ಸಲ ನಿಯಮಗಳನ್ನು ಮಕ್ಕಳೇ ಹೇಳಿದರು: ಭಾರವಾದ ತುದಿ ಮೇಲಿರಲಿ, ಸಾಗುವಾಗ ಬಕೆಟ್ ನೆಲಕ್ಕೆ ಹತ್ತಿರವಿರಲಿ, ಇಳಿಜಾರಿನಲ್ಲಿ ಅಡ್ಡಲಾಗಿ ಹೋಗುವುದು, ತಿರುಗಿಸುವುದು ಬೇಡ. ಪ್ರಯೋಗದಿಂದ ಹೊರಡದ ನಿಯಮಗಳಿಗೆ ನಾನೇ ಕಾರಣ ಕೊಟ್ಟೆ. ಎತ್ತುವ ತೋಳುಗಳು ಚಾಲಕನ ಕೋಣೆಯ ಎರಡೂ ಪಕ್ಕ ಚಲಿಸುವುದರಿಂದ ತಲೆ, ಕೈ ಹೊರಚಾಚಿದರೆ ಜಜ್ಜಿಹೋಗುತ್ತವೆ. ಆದ್ದರಿಂದ ಸೀಟ್ ಬೆಲ್ಟ್ ಮತ್ತು ಸುರಕ್ಷಾ ಸರಳು ಹಾಕಿಯೇ ಕೆಲಸ. ಇಳಿಯುವ ಮುನ್ನ ಬಕೆಟ್ ನೆಲಕ್ಕೆ, ಬ್ರೇಕ್, ಎಂಜಿನ್ ಬಂದ್. ಬಕೆಟ್‌ನಲ್ಲಿ ಯಾರೂ ಕೂರಬಾರದು.

ಮೌಲ್ಯಮಾಪನ

ಎರಡು ಪ್ರಶ್ನೆ ಕೊಟ್ಟೆ. ಒಂದು: ಇಂಥ ಚಕ್ರದ ಯಂತ್ರದ ಎತ್ತುವ ಮಿತಿ, ಅದು ಮುಂದಕ್ಕೆ ಮಗುಚುವ ಭಾರದ ಅರ್ಧ. 1,400 ಕಿಲೋಗೆ ಮಗುಚುವ ಯಂತ್ರದ ಮಿತಿ ಎಷ್ಟು? ಎಲ್ಲರೂ 700 ಎಂದು ಬರೆದರು. ಎರಡು: ಬಕೆಟ್ ತುಂಬ ಗೊಬ್ಬರ ಎತ್ತಿದ ಯಂತ್ರ ಬಕೆಟ್ ತುಂಬ ಖಡಿಯನ್ನೂ ಎತ್ತಬಹುದೇ? ಇಲ್ಲಿ ಹಲವರು ತಪ್ಪಿದರು. ಬಕೆಟ್ ಅದೇ, ಆದ್ದರಿಂದ ಭಾರವೂ ಅದೇ ಎಂದು ಭಾವಿಸಿದ್ದರು. ಈ ಪಾಠಕ್ಕೆ ಮೊದಲು ಸಾಂದ್ರತೆಯ ಪುನರಾವರ್ತನೆ ಬೇಕು.

ಅವಲೋಕನ

ಈ ಪಾಠ ಚಾಲಕ ತರಬೇತಿಯಲ್ಲ. ಯಂತ್ರ ನಡೆಸುವವರು ಆಯಾ ಯಂತ್ರದ ಕೈಪಿಡಿಯನ್ನೂ ಅನುಭವಿ ತರಬೇತುದಾರರನ್ನೂ ಅನುಸರಿಸಬೇಕು. ಸಹಪಾಠಿ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ: ಪಾಠಯೋಜನೆಯಲ್ಲಿ ಸುರಕ್ಷತಾ ನಿಯಮ ಬರೆದಾಗಲೆಲ್ಲ ಅದರ ಪಕ್ಕದಲ್ಲೇ ಕಾರಣವನ್ನೂ ಬರೆಯಿರಿ. ಕಾರಣ ತೋಚದಿದ್ದರೆ ಆ ನಿಯಮವನ್ನು ಇನ್ನೂ ಕಪ್ಪುಹಲಗೆಗೆ ತರಬೇಡಿರಿ. ನಾವು ಬರೆದದ್ದನ್ನು ಮಕ್ಕಳು ಮನೆಗೆ ಒಯ್ಯುತ್ತಾರೆ. ಅಲ್ಲಿ ಮರುದಿನ ಬೆಳಿಗ್ಗೆ ಯಾರೋ ಒಬ್ಬರು ಯಂತ್ರ ಏರುವವರಿರುತ್ತಾರೆ.