ಐವತ್ತರ ಮೇಲೆ ಹುಟ್ಟು ಹಿಡಿದವರಿಗೆ

ನಮ್ಮ ಹಾವೇರಿ ಜಿಲ್ಲೆಯಲ್ಲಿ ಪಂದ್ಯ ಅಂದರೆ ದೀಪಾವಳಿಯ ಹೋರಿ ಬೆದರಿಸುವುದು, ಇಲ್ಲವೇ ಜಾತ್ರೆಯ ಕುಸ್ತಿ. ಕಯಾಕ್ ಅಂದರೆ ಎರಡು ತುದಿಗೂ ಅಲಗಿರುವ ಹುಟ್ಟಿನಿಂದ ನಡೆಸುವ ಸಣ್ಣ ದೋಣಿ ಅಂತ ಪ್ರತಿ ಸಲವೂ ಬಿಡಿಸಿ ಹೇಳಬೇಕು. ಐರಣಿಯ ಹೊಳೆಮಠದ ಬದಿಗೆ ಹರಿಯುವ ತುಂಗಭದ್ರೆಯಲ್ಲಿ ನನ್ನ ಅಭ್ಯಾಸ. ಸ್ಪರ್ಧೆಗೆ ಮಾತ್ರ ಘಟ್ಟ ಇಳಿದು ಕರಾವಳಿಯ ಹಿನ್ನೀರಿಗೆ ಹೋಗಬೇಕು. ವಯಸ್ಸು ಐವತ್ತು ದಾಟಿದೆ, ಪಕ್ಕದ ದೋಣಿಯಲ್ಲಿ ಕೂತವನಿಗೆ ಹೆಚ್ಚೆಂದರೆ ಇಪ್ಪತ್ತೈದು. ಆದರೂ ಯಾಕೆ ಹೋಗುತ್ತೇನೆ ಅನ್ನುವುದಕ್ಕಿಂತ ಹೇಗೆ ಹೋಗಬೇಕು ಅನ್ನುವುದನ್ನು ಬರೆಯುವುದು ಲೇಸು.

1. ಎದುರಾಳಿಯ ತೋಳು ನೋಡಬೇಡಿ, ದೋಣಿಯ ಉದ್ದ ನೋಡಿ.

ಊರಮಟ್ಟದ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಸಂಘಟಕರೇ ದೋಣಿ ಕೊಡುತ್ತಾರೆ. ಹತ್ತು ಅಡಿ ಉದ್ದದ, ಮೇಲೆ ಕೂರುವಂಥ, ಅಗಲವಾದ ಪ್ಲಾಸ್ಟಿಕ್ ದೋಣಿ. ಇದರ ಗುಟ್ಟು ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ. ನೀರಲ್ಲಿ ಸಾಗುವ ಯಾವ ದೋಣಿಯೂ ಮುಂದೊಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯೂ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾಯಿತೋ, ಅಲ್ಲಿಂದ ಮುಂದೆ ದೋಣಿ ತಾನೆಬ್ಬಿಸಿದ ಅಲೆಯನ್ನೇ ಏರಬೇಕು. ಹತ್ತು ಅಡಿಯ ದೋಣಿಗೆ ಈ ಗೋಡೆ ಎದುರಾಗುವುದು ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ. ಒಲಿಂಪಿಕ್ಸ್ ಸ್ಪ್ರಿಂಟ್‌ನ ಒಂಟಿ ಕಯಾಕ್ 5.2 ಮೀಟರ್‌ವರೆಗೂ ಉದ್ದ ಇರಬಹುದು, ತೂಕ ಕನಿಷ್ಠ 12 ಕಿಲೋ. ಅದರ ಲೆಕ್ಕವೇ ಬೇರೆ. ನಮ್ಮ ಗಿಡ್ಡ ದೋಣಿಯಲ್ಲಿ ಹುಡುಗನ ಹೆಚ್ಚಿನ ಶಕ್ತಿಯೆಲ್ಲ ನೀರು ಚಿಮ್ಮಿಸುವುದಕ್ಕೇ ಹೋಗುತ್ತದೆ. ಗೋಡೆಯ ಈಚೆಗೆ ಒಂದೇ ಹದದಲ್ಲಿ, ನೇರವಾಗಿ ಹೋಗುವವನು ಅವನಿಗಿಂತ ಬಹಳ ಹಿಂದೆ ಬೀಳುವುದಿಲ್ಲ. ಕಿಲೋಮೀಟರು ಹೆಚ್ಚಿದಷ್ಟೂ ನಮಗೆ ಒಳ್ಳೆಯದು. 200 ಮೀಟರಿನ ಓಟಕ್ಕೆ ಮಾತ್ರ ಹೆಸರು ಕೊಡಬೇಡಿ.

2. ಎಳೆಯಬೇಕಾದ್ದು ಸೊಂಟ, ತೋಳಲ್ಲ.

ಬಲಗಡೆ ಹುಟ್ಟು ಹಾಕುವಾಗ ಬಲ ಭುಜ ಮುಂದೆ ಬರಬೇಕು. ಅಲಗು ಪೂರ್ತಿ ಮುಳುಗಬೇಕು, ಅದೂ ಪಾದದ ಪಕ್ಕದಲ್ಲಿ. ಆಮೇಲೆ ಬಲಗಾಲಿನಿಂದ ಪಾದದ ಆಸರೆಯನ್ನು ಒತ್ತುತ್ತ ಸೊಂಟ ತಿರುಗಿಸಿದರೆ ದೋಣಿ ಹುಟ್ಟಿನ ಕಡೆಗೆ ಜಾರುತ್ತದೆ. ಅಲಗು ಸೊಂಟದ ಹತ್ತಿರ ಬಂದ ಕೂಡಲೇ ಎತ್ತಿಬಿಡಿ. ಅಲ್ಲಿಂದ ಹಿಂದಕ್ಕೆ ಎಳೆದಷ್ಟೂ ದೋಣಿ ವಾಲುತ್ತದೆ, ತಿರುಗುತ್ತದೆ. ಹಿಡಿತ ಸಡಿಲವಿರಲಿ. ನಮ್ಮ ವಯಸ್ಸಿನಲ್ಲಿ ಭುಜದ ಸ್ನಾಯು ಒಮ್ಮೆ ಮುನಿಸಿಕೊಂಡರೆ ತಿಂಗಳುಗಟ್ಟಲೆ ಮಾತಾಡಿಸುವುದಿಲ್ಲ. ಬಿಪಿ ನೋಡಿಸಿ, ಇಸಿಜಿ ಮಾಡಿಸಿ, ಆಮೇಲೆ ಹುಟ್ಟು ಹಿಡಿಯಿರಿ.

3. ಅಂಬಿಗರನ್ನು ಕೇಳಿ.

ದೋಣಿ ನಡೆಸುತ್ತಿದ್ದ ವಚನಕಾರ ಅಂಬಿಗರ ಚೌಡಯ್ಯನ ಚೌಡಯ್ಯದಾನಪುರ ನಮ್ಮ ರಾಣೇಬೆನ್ನೂರು ತಾಲ್ಲೂಕಿನದೇ, ಇದೇ ಹೊಳೆಯ ದಂಡೆಯದು. ಇಷ್ಟು ಹಳೆಯ ವಿದ್ಯೆ ಮನೆ ಬಾಗಿಲಲ್ಲಿರುವಾಗ ಮೊಬೈಲಿನ ವಿಡಿಯೊ ಒಂದನ್ನೇ ನಂಬಿ ಕೂರುವುದು ಯಾಕೆ? ಹರಿಗೋಲಿಗೆ ಮುಂದು ಹಿಂದು ಇಲ್ಲ. ಬಿದಿರಿನ ಹೆಣಿಗೆಯ ದುಂಡನೆ ತಳ, ಒಂದು ಮಗ್ಗುಲಿಗೆ ಹುಟ್ಟು ಹಾಕಿದರೆ ಬುಗುರಿಯಂತೆ ಸುತ್ತುತ್ತದೆ. ಅದಕ್ಕೇ ಅಂಬಿಗರು ಎದುರಿನ ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತ ಹೋಗುತ್ತಾರೆ. ಅದರಲ್ಲಿ ಆಚೆ ದಡದ ದಾವಣಗೆರೆ ಜಿಲ್ಲೆಗೆ ನೇರವಾಗಿ ಮುಟ್ಟಲು ಕಲಿತವನಿಗೆ ಕಯಾಕ್ ನೇರ ಓಡಿಸುವುದು ಕಷ್ಟವಲ್ಲ. ಓರೆಕೋರೆ ಹೋದ ದೋಣಿ ಒಂದು ಕಿಲೋಮೀಟರಿನ ಓಟದಲ್ಲಿ ಎಷ್ಟೋ ಮೀಟರ್ ಹೆಚ್ಚು ಕ್ರಮಿಸಿರುತ್ತದೆ. ಯಾವ ಹುಡುಗನೂ ಆ ಲೆಕ್ಕ ಹಾಕುವುದಿಲ್ಲ.

ಅಂಬಿಗರು ಕಲಿಸಿದ ಇನ್ನೊಂದು ವಿದ್ಯೆ ನೀರು ಓದುವುದು. ‘ನೀರು ನಕ್ಕೋಂತ ಬರತೈತಲ್ರಿ ಸರ, ಅಲ್ಲಿ ಕೆಳಗ ಕಲ್ಲೈತಿ ಅಂತ ತಿಳೀರಿ’ ಅಂದರು ಹಿರಿಯ ಅಂಬಿಗರೊಬ್ಬರು. ನೀರಿನ ಮೇಲೆ ಬಾಣದ ಮೊನೆಯಂಥ ಗೆರೆ ಕಂಡರೆ ಅದು ಯಾವ ಕಡೆಗಿದೆ ನೋಡಿ. ಮೊನೆ ನಿಮ್ಮತ್ತ, ಅಂದರೆ ಹೊಳೆಯ ಮೇಲ್ಗಡೆಗೆ ಇದ್ದರೆ ಅಲ್ಲಿ ಬಂಡೆಯಿದೆ. ಮೊನೆ ಕೆಳಗಡೆಗಿದ್ದರೆ ಎರಡು ಬಂಡೆಗಳ ನಡುವೆ ದಾರಿಯಿದೆ. ತಿರುವಿನಲ್ಲಿ ಹೊರಮಗ್ಗುಲಿಗೆ ಸೆಳವು ಹೆಚ್ಚು, ಒಳಮಗ್ಗುಲಿಗೆ ಕಡಿಮೆ. ನೀರಿನ ಜೊತೆ ಹೋಗುವಾಗ ಹೊರಗೆ, ಎದುರು ಹೋಗುವಾಗ ಒಳಗೆ. ಹೋಗಿ ಬರುವ ಪಂದ್ಯಗಳಲ್ಲಿ ಎಲ್ಲರೂ ನಡುನೀರಿಗೆ ಬಿದ್ದು ಒದ್ದಾಡುವಾಗ ದಡ ಸವರಿಕೊಂಡು ಬಂದು ನಾಲ್ಕಾರು ದೋಣಿ ದಾಟಿದ ಸುಖ ನನಗೆ ಗೊತ್ತು.

ಮುಂಗಾರಿನಲ್ಲಿ ಇಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಗಾಜನೂರಿನ ತುಂಗಾ, ಲಕ್ಕವಳ್ಳಿಯ ಭದ್ರಾ ಜಲಾಶಯಗಳ ಹೊರಹರಿವು ಪತ್ರಿಕೆಯಲ್ಲಿ ಬರುತ್ತದೆ. ಜುಲೈ, ಆಗಸ್ಟಿನಲ್ಲಿ ಅದನ್ನು ನೋಡದೆ ನೀರಿಗಿಳಿಯಬೇಡಿ. ಬೇಸಿಗೆಯಲ್ಲಿ ಅಪಾಯ ಬೇರೆ ಥರದ್ದು. ಮೊಣಕಾಲುದ್ದ ನೀರು ಅಂತ ದೋಣಿಯಿಂದ ಇಳಿದರೆ ಮರಳು ತೆಗೆದ ಗುಂಡಿ ಆಳುದ್ದ ಇರುತ್ತದೆ. ಮೊಸಳೆಗಳೂ ಈ ಹೊಳೆಯಲ್ಲಿವೆ. ಅವು ಬಿಸಿಲು ಕಾಯಿಸುವ ದಿಬ್ಬ ಯಾವುದು ಅನ್ನುವುದೂ ಅಂಬಿಗರಿಗೇ ಗೊತ್ತು.

4. ಕರಾವಳಿಗೆ ಹೋಗುವಾಗ ತಿಥಿ ನೋಡಿ.

ಬಯಲುಸೀಮೆಯವರಿಗೆ ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ. ಅಳಿವೆಯಲ್ಲಿ ಹಾಗಲ್ಲ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಂಥ ಜಾಗದಲ್ಲಿ ಬೆಳಗ್ಗೆ ಕಡಲಿಗೆ ಹರಿದ ನೀರು ಮಧ್ಯಾಹ್ನ ಊರಿನ ಕಡೆಗೆ ಬರಬಹುದು. ಉಬ್ಬರದಿಂದ ಇಳಿತಕ್ಕೆ ಸುಮಾರು ಆರೂಕಾಲು ತಾಸು. ದಿನದಿಂದ ದಿನಕ್ಕೆ ಹೊತ್ತು ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜೋರು. ಹಿಂದಿನ ದಿನವೇ ಹೋಗಿ, ದಡದಲ್ಲಿ ಕೂತು, ತೇಲುವ ಕಸ ಯಾವ ಕಡೆಗೆ ಹೋಗುತ್ತದೆ ನೋಡಿ.

5. ಮೊದಲ ನೂರು ಮೀಟರ್ ಹುಡುಗರಿಗೆ ಬಿಡಿ.

ಸೀಟಿ ಊದಿದ ಕೂಡಲೇ ಎಲ್ಲರೂ ನೀರು ಬಡಿಯುತ್ತಾರೆ. ನೀವು ನಿಮ್ಮ ಉಸಿರು ನೋಡಿಕೊಳ್ಳಿ. ಬಿಡಿ ಮಾತು ಆಡಲು ಆಗುವಷ್ಟು ಉಸಿರು ಇರಬೇಕು. ಗದ್ದಲ ಚದುರಿದ ಮೇಲೆ ನಿಮ್ಮದಕ್ಕಿಂತ ತುಸು ವೇಗದ ದೋಣಿಯೊಂದನ್ನು ಆರಿಸಿ, ಅದು ಎಬ್ಬಿಸುವ ಪಕ್ಕದ ಅಲೆಯ ಮುಂಭಾಗದ ಇಳಿಜಾರಿನಲ್ಲಿ ನಿಮ್ಮ ದೋಣಿಯ ಮೂತಿ ಇಡಿ. ನಿಮ್ಮ ಮೂತಿ ಅವನ ಆಸನದ ಸರಿಸುಮಾರಿಗೆ ಬಂದಾಗ ದೋಣಿ ತಾನಾಗಿ ಮುಂದೆ ಜಾರಿದಂತೆ ಹಗುರಾಗುತ್ತದೆ. ಅದೇ ಜಾಗ. ಹುಟ್ಟು ಹುಟ್ಟಿಗೆ ತಾಗಬಾರದು, ಅಷ್ಟು ಅಂತರ ಇರಲಿ. ಇದು ಮೋಸವಲ್ಲ, ದೊಡ್ಡ ಮ್ಯಾರಥಾನ್ ಕಯಾಕ್ ಪಂದ್ಯಗಳೆಲ್ಲ ನಡೆಯುವುದೇ ಹೀಗೆ. ಅವನು ಸಿಟ್ಟಿನಿಂದ ತಿರುಗಿ ನೋಡಿದರೆ ನಕ್ಕುಬಿಡಿ, ಬಿಳಿಕೂದಲಿಗೆ ಅಷ್ಟು ರಿಯಾಯಿತಿ ಸಿಗುತ್ತದೆ.

6. ಲೈಫ್ ಜಾಕೆಟ್ ಬಿಚ್ಚಬೇಡಿ.

‘ಹೊಳಿ ದಂಡ್ಯಾಗ ಹುಟ್ಟಿದವ್ರು, ನಮಗ್ಯಾಕ್ರಿ ಅದು’ ಅನ್ನುವವರು ಊರಲ್ಲಿ ಬೇಕಾದಷ್ಟು ಜನ. 50 ನ್ಯೂಟನ್ ಅಂತ ಬರೆದ ಜಾಕೆಟ್ ನೀರಲ್ಲಿ ಸುಮಾರು ಐದು ಕಿಲೋ ಭಾರ ಎತ್ತುತ್ತದೆ, ತಲೆ ಮೇಲಿರಲು ಅಷ್ಟು ಸಾಕು. ಸುಸ್ತಾದ ದೇಹಕ್ಕೆ ಈಜು ಬಂದರೂ ಉಪಯೋಗವಿಲ್ಲ. ಕೈಕಾಲಿಗೆ ತರಚಿದ ಗಾಯವಿದ್ದರೆ ಆ ದಿನ ನೀರು ಬಿಡಿ, ಇಲಿ ಜ್ವರ ಬರುವುದೇ ಹಾಗೆ.

7. ಪಂದ್ಯದ ಬೆಳಗ್ಗೆ ಅವಲಕ್ಕಿ, ಬಾಳೆಹಣ್ಣು. ರೊಟ್ಟಿ ಬೇಡ, ಮಂಡಕ್ಕಿ ಮಿರ್ಚಿಯಂತೂ ಬೇಡವೇ ಬೇಡ. ಮುಗಿದ ಮೇಲೆ ಎಷ್ಟಾದರೂ ತಿನ್ನಿ.

8. ವಯಸ್ಸಿನ ವಿಭಾಗ ಇದೆಯೇ ಅಂತ ಕೇಳಲು ನಾಚಬೇಡಿ.

ಅಂತರರಾಷ್ಟ್ರೀಯ ಕೆನೊ ಒಕ್ಕೂಟದಲ್ಲಿ ಹಿರಿಯರ ವಿಭಾಗ 35ಕ್ಕೇ ಶುರು. ನಮ್ಮಲ್ಲಿ ಎಷ್ಟೋ ಕಡೆ ಎಲ್ಲರಿಗೂ ಒಂದೇ ಪಟ್ಟಿ. ನಾಲ್ಕು ಜನ ಕೂಡಿ ಕೇಳಿದರೆ ಸಂಘಟಕರು ಅಲ್ಲೇ ಒಂದು ವಿಭಾಗ ಮಾಡುತ್ತಾರೆ. ಪದಕ ಇಲ್ಲದಿದ್ದರೂ ಸರಿ, ನಿಮ್ಮ ಸಮಯ ಬರೆದುಕೊಡಿ ಅಂತ ಹೇಳಿ.

9. ಸ್ವಂತ ದೋಣಿ ಕೊಳ್ಳುವ ಮುಂಚೆ ಅದನ್ನಿಡಲು ಜಾಗ ನೋಡಿ.

ಹತ್ತು ಹನ್ನೆರಡು ಅಡಿಯದು ಮನೆಯೊಳಗೆ ಬರುವುದಿಲ್ಲ. ಅಂಗಳದ ಬಿಸಿಲಿಗೆ ಬಿಟ್ಟರೆ ಪ್ಲಾಸ್ಟಿಕ್ ಬಿಳಿಚಿ ಬಿರುಕು ಬಿಡುತ್ತದೆ. ನೆಲಕ್ಕೆ ಅಂಗಾತ ಇಟ್ಟರೆ ಬೇಸಿಗೆಯಲ್ಲಿ ತಳ ತಗ್ಗುತ್ತದೆ, ಆಮೇಲೆ ನೇರ ಓಡುವುದಿಲ್ಲ. ಮಗ್ಗುಲಾಗಿ, ಅಗಲವಾದ ಪಟ್ಟಿಯ ಮೇಲೆ, ನೆರಳಲ್ಲಿ ಇಡಬೇಕು. ಹೊಟ್ಟಿನ ಕೊಟ್ಟಿಗೆ ಇದ್ದವರಿಗೆ ಚಿಂತೆಯಿಲ್ಲ. ಒಳಗೆ ಕೂರುವಂಥ ದೋಣಿಯಾದರೆ ಬೆಕ್ಕು ಮರಿ ಹಾಕದಂತೆ ಬಾಯಿಗೊಂದು ಗೋಣಿತಾಟು ಕಟ್ಟಿದರಾಯಿತು.