ಜೋಡುಚೀಲ ಕಟ್ಟುವ ಮುನ್ನ

ದುಂಡಸಿಯಿಂದ ಶಿಗ್ಗಾವಿ ಕಡೆಗೆ ಹಾಲಿನ ಕ್ಯಾನು, ಕಾಯಿಪಲ್ಲೆ ಹೇರಿಕೊಂಡು ಸೈಕಲ್ ತುಳಿಯುವವರು ಮೊದಲು ಹಿಂದಿನ ಗಾಲಿಯ ನಟ್ಟು ನೋಡಿಕೊಳ್ಳಿ. ಕ್ಯಾರಿಯರಿನ ಎರಡೂ ಕಾಲು ನಿಲ್ಲುವುದು ಅಲ್ಲೇ. ವಾಶರ್ ಇಲ್ಲದೆ ಬಿಗಿದರೆ ತಗ್ಗುದಿನ್ನೆಗೆ ಅದು ಸಡಿಲಾಗುತ್ತದೆ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ ಮನೆಯಲ್ಲಿದ್ದರೆ, ಅದರ ಕ್ಯಾರಿಯರ್ ಪಾಟಿಚೀಲಕ್ಕೆ ಸಾಕು. 45 ಕಿಲೋ ಯೂರಿಯಾ ಹೇರಬೇಡಿ, ಪಾಪ.

ಜೋಡುಚೀಲ ಹೊಲಿಸಿದರೆ ಗಾಲಿಯ ಮಗ್ಗುಲಿಗೆ ಒಳಗೊಂದು ತೆಳು ಹಲಗೆ ಇರಲಿ. ಇಲ್ಲವಾದರೆ ಜೋತುಬಿದ್ದ ಚೀಲ ಕಡ್ಡಿಗಳಿಗೆ ಸಿಕ್ಕುತ್ತದೆ. ಕಟ್ಟಿದ ಮೇಲೆ ಸೀಟಿನಲ್ಲಿ ಕೂತು ಪೆಡಲ್ ತಿರುಗಿಸಿ ನೋಡಿ. ಹಿಮ್ಮಡಿ ತಾಗಿದರೆ ಚೀಲವನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿ. ಹಾಗಂತ ಬಹಳ ಹಿಂದೆ ಹೋದರೆ ಹ್ಯಾಂಡಲ್ ಹಗುರಾಗಿ, ಏರಿನಲ್ಲಿ ಮುಂದಿನ ಗಾಲಿಯೇ ಎದ್ದೀತು. ಭಾರದ ಸಾಮಾನು ತಳಕ್ಕೆ, ಎರಡೂ ಕಡೆ ಸಮ. ಒಂದೇ ಕ್ಯಾನಿದ್ದರೆ ಇನ್ನೊಂದು ಮಗ್ಗುಲಿಗೆ ಏನಾದರೂ ತೂಕ ಕಟ್ಟಿ. ಬಿಗಿಯಲು ಹಳೆಯ ಟ್ಯೂಬಿನ ಪಟ್ಟಿಯೇ ನನಗೆ ಇಷ್ಟ. ಉಳಿದ ತುದಿ ಚೈನಿಗೆ ಬೀಳದಂತೆ ಸಿಕ್ಕಿಸಿ.

ಮುರಿದ ಕ್ಯಾರಿಯರನ್ನು ಬಿಚ್ಚಿಯೇ ವೆಲ್ಡಿಂಗಿಗೆ ಕೊಡಿ. ಸೈಕಲ್ ಮೇಲೇ ಬೆಸೆದರೆ ಕಿಡಿ ಸಿಡಿದು ಟಾಯರ್ ಸುಡುತ್ತದೆ.