ಬಟನ್ ಟೈರಿನ ಹುಡುಗನಿಗೆ ದೊಡ್ಡಪ್ಪನ ಕಾಗದ

ಚಿತ್ರದುರ್ಗ

ಚಿ. ಮರಿಗೆ,

ನೀನು ಫೋನಿಗೆ ಕಳಿಸಿದ ಫೋಟೋ ತಲುಪಿತು. ದೊಡ್ಡಮ್ಮನ ಕನ್ನಡಕ ಹಾಕಿಕೊಂಡು, ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಟ್ರ್ಯಾಕ್ಟರಿನ ಮರಿಯಂಥ ಟೈರು, ಕೆಳಗೆ ನಿನ್ನ ಪ್ರಶ್ನೆ: ‘ಹೇಗಿದೆ ದೊಡ್ಡಪ್ಪ, ಹಾಕಿಸಲಾ?’ ಇದು ಪ್ರಶ್ನೆಯೇನಪ್ಪ? ನಿರ್ಧಾರ ಮಾಡಿ ಆಗಿದೆ, ನನ್ನಿಂದ ಒಂದು ಹೂಂ ಬೇಕು, ಅಷ್ಟೇ. ಹೂಂ ಅನ್ನುವವನಾಗಿದ್ದರೆ ಎರಡು ಅಕ್ಷರ ಒತ್ತಿ ಕಳಿಸುತ್ತಿದ್ದೆ. ಪೆನ್ನು ಹಿಡಿದು ಕೂತಿದ್ದೇನೆ ಅಂದರೆ ನಿನಗೆ ಅರ್ಥವಾಗಬೇಕು. ಇದರ ಒಂದು ಪ್ರತಿಯನ್ನು ಪತ್ರಿಕೆಗೂ ಕೊಡುತ್ತಿದ್ದೇನೆ. ಬ್ಯಾಟರಿ ಸೈಕಲ್ಲು ಕೊಂಡು, ಹಿಮಾಲಯ ಹತ್ತುವವನ ಟೈರು ತೊಡಿಸಿ, ಬನಶಂಕರಿಯಿಂದ ಬನ್ನೇರುಘಟ್ಟ ರಸ್ತೆಗೆ ಹೋಗಿಬರುವವನು ನೀನೊಬ್ಬನೇ ಅಲ್ಲ.

ನಾನು ಎರಡೂ ಕಡೆಯ ಮಾತು ಹೇಳುತ್ತೇನೆ, ಆಮೇಲೆ ನಿನ್ನಿಷ್ಟ. ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವನು, ಒಂದು ಕಡೆಗೆ ವಾಲುವುದಿಲ್ಲ.

ನಿನಗೆ ತಾತನ ಅಂಗಡಿ ನೆನಪಿರಲಾರದು. ಹಿರಿಯೂರಿನ ಬಸ್‌ಸ್ಟ್ಯಾಂಡಿನ ಪಕ್ಕ ತಗಡಿನ ಮಾಡು, ಅದರ ಕೆಳಗೆ ಸಾಲಾಗಿ ನಿಂತ ಹನ್ನೊಂದು ಬಾಡಿಗೆ ಸೈಕಲ್ಲು. ಅಟ್ಲಾಸು, ಹರ್ಕ್ಯುಲಿಸ್ಸು, ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಮೂಲೆಯಲ್ಲಿ ಅರ್ಧ ಕೊಯ್ದ ಡಬ್ಬಿಯ ತುಂಬ ಕಪ್ಪು ನೀರು, ಟ್ಯೂಬು ಮುಳುಗಿಸಿ ಗುಳ್ಳೆ ನೋಡುವುದಕ್ಕೆ. ಉಪ್ಪುಕಾಗದ, ಸೊಲ್ಯೂಷನ್ನು, ಹಳೇ ಟ್ಯೂಬಿನಿಂದ ಕತ್ತರಿಸಿದ ಪ್ಯಾಚು. ಗಾಳಿ ನಿಲ್ಲಿಸುವ ವಾಲ್‌ಟ್ಯೂಬು ಅಂದರೆ ಎರೆಹುಳುವಿನಂಥ ರಬ್ಬರು. ಬೇಸಿಗೆಯಲ್ಲಿ ಅದು ತಾನೇ ಬಿರಿದು, ನಿಂತ ಸೈಕಲ್ಲು ನಿಂತಲ್ಲೇ ನಿಟ್ಟುಸಿರು ಬಿಡುತ್ತಿತ್ತು. ನಾನು ಮಗ್ಗಿಗಿಂತ ಮೊದಲು ಪಂಕ್ಚರ್ ಹಾಕುವುದು ಕಲಿತವನು.

ನಮ್ಮ ಕಡೆ ನೆಗ್ಗಿಲು ಮುಳ್ಳು ಅಂತ ಇದೆ. ನೆಲಕ್ಕಂಟಿ ಹರಡುವ ಬಳ್ಳಿ, ಹಳದಿ ಹೂ. ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆಯೇ ನಿಂತಿರುತ್ತದೆ. ಅದರ ಜೊತೆಗೆ ಬಳ್ಳಾರಿ ಜಾಲಿ. ನನಗೆ ಕೆಲಸ ಸಿಕ್ಕಿದ ಶಾಲೆ ಹನ್ನೊಂದು ಕಿಲೋಮೀಟರ್ ದೂರ, ದಿನಕ್ಕೆ ಎರಡು ಸಲ. ಲೆಕ್ಕದವನ ಚಟ ನೋಡು, ಒಂದು ವರ್ಷ ಪಂಕ್ಚರ್‌ಗಳನ್ನೆಲ್ಲ ಡೈರಿಯಲ್ಲಿ ಬರೆದಿಟ್ಟೆ: ಒಟ್ಟು 41. ಅದರಲ್ಲಿ 29 ಹಿಂದಿನ ಚಕ್ರದ್ದೇ. ಭಾರವೆಲ್ಲ ಅಲ್ಲೇ ಬೀಳುವುದು. ಮುಂದಿನ ಚಕ್ರ ಕೆದಕಿ ಎಬ್ಬಿಸಿದ ಮುಳ್ಳು ಹಿಂದಿನದಕ್ಕೆ ಸರಿಯಾಗಿ ಚುಚ್ಚುತ್ತದೆ. ಪ್ರಾರ್ಥನೆಗೆ ತಡವಾಗಿ ಹೋಗಿ ಹೆಡ್‌ಮಾಸ್ಟರ ಎದುರು ಕೈಕಟ್ಟಿ ನಿಂತ ಮೇಷ್ಟ್ರ ಅವಸ್ಥೆ ನಿನಗೆ ಹೇಗೆ ಹೇಳಲಿ? ಅವರು ಕೇಳುತ್ತಿದ್ದದ್ದು ಒಂದೇ, ‘ಏನ್ರೀ, ಸೈಕಲ್ ಅಂಗಡಿ ಮಗ ನೀವು?’

ಈಗ ನಿನ್ನ ಸೈಕಲ್ಲಿನಲ್ಲಿ ಈಗಾಗಲೇ ಇರುವ ಬಟನ್ ಟೈರಿಗೆ ಬರುತ್ತೇನೆ.

ಬಟನ್ ಟೈರಿನ ಬಟನ್ನುಗಳು ಇರುವುದು ಮಣ್ಣಿಗೆ ಇಳಿಯುವುದಕ್ಕೆ. ಕೆಸರಲ್ಲಿ, ಸಡಿಲ ಮಣ್ಣಲ್ಲಿ, ಉತ್ತ ಹೊಲದ ಬದುವಲ್ಲಿ ಒಂದೊಂದು ಬಟನ್ನೂ ಕಾಲ್ಬೆರಳಿನಂತೆ ಊರಿ ನಿಲ್ಲುತ್ತದೆ. ಅಲ್ಲಿ ಅದಕ್ಕೆ ಸಮ ಇಲ್ಲ, ಒಪ್ಪಿದೆ. ಡಾಂಬರಿನ ಮೇಲೆ ಊರುವುದಕ್ಕೆ ಜಾಗವೆಲ್ಲಿದೆ? ಬಟನ್ನುಗಳ ನೆತ್ತಿ ಮಾತ್ರ ನೆಲಕ್ಕೆ ತಾಗುತ್ತದೆ, ನಡುವಿನ ಸಂದೆಲ್ಲ ಖಾಲಿ. ತಿರುವಿನಲ್ಲಿ ಸೈಕಲ್ಲು ವಾಲಿಸಿದರೆ ಪಕ್ಕದ ಬಟನ್ನು ಬಾಗುತ್ತದೆ, ಚಕ್ರ ಒಂದು ಕೂದಲೆಳೆ ಜಾರಿದ ಹಾಗಾಗುತ್ತದೆ. ನೇರ ಹೋಗುವಾಗ ಗುಂಯ್ ಅಂತ ಶಬ್ದ. ಆ ಶಬ್ದ ಬಿಟ್ಟಿ ಬರುವುದಿಲ್ಲಪ್ಪ. ಬಟನ್ನು ಬಾಗಿ ಏಳುವುದಕ್ಕೆ, ನಡುಗುವುದಕ್ಕೆ ಹೋಗುವ ಶಕ್ತಿ ನಿನ್ನ ಬ್ಯಾಟರಿಯದೇ. ‘ಕಂಪನಿಯವರು ಹೇಳಿದಷ್ಟು ದೂರ ಹೋಗೋದೇ ಇಲ್ಲ’ ಅಂತ ಹಬ್ಬದಲ್ಲಿ ಗೊಣಗಿದೆಯಲ್ಲ, ಬ್ಯಾಟರಿಯನ್ನು ಬೈಯುವ ಮೊದಲು ಚಕ್ರ ನೋಡು.

ಇನ್ನು ಫೋಟೋದಲ್ಲಿದ್ದ ನಾಲ್ಕಿಂಚಿನ ದಪ್ಪ ಟೈರು. ಅದು ಮರಳಿಗೆ, ಹಿಮಕ್ಕೆ ಹುಟ್ಟಿದ್ದು. ನಿನ್ನ ಸೈಕಲ್ಲಿನ ಫೋರ್ಕಿನೊಳಗೆ ಅದು ಹಿಡಿಯುವುದೂ ಇಲ್ಲ, ಅಷ್ಟಾದರೂ ಅಳತೆ ಮಾಡಿ ನೋಡಿದೆಯಾ?

‘ಬೋಳು ಟೈರು ಮಳೆಯಲ್ಲಿ ಜಾರುತ್ತೆ ದೊಡ್ಡಪ್ಪ’ ಅನ್ನುತ್ತೀಯೆ, ಗೊತ್ತು. ಎಲ್ಲರೂ ಅನ್ನುತ್ತಾರೆ, ನಾನೂ ಅಂದುಕೊಂಡಿದ್ದೆ. ಕಾರಿನ ಟೈರು ಚಪ್ಪಟೆ, ಅಗಲ, ವೇಗ ಜಾಸ್ತಿ. ಅದು ನೀರಿನ ಮೇಲೆ ತೇಲಿಬಿಡಬಹುದು, ಅದಕ್ಕೇ ನೀರು ಹೊರಗೆ ಓಡಲು ಗೀರು ಬೇಕು. ಸೈಕಲ್ ಟೈರು ದುಂಡಗಿದೆ, ನೆಲಕ್ಕೆ ತಾಗುವ ಜಾಗ ನಿನ್ನ ಅಂಗೈಯಷ್ಟೂ ಇಲ್ಲ, ದೋಣಿಯ ಮೂತಿಯ ಹಾಗೆ ನೀರನ್ನು ಸರಿಸಿಕೊಂಡೇ ಹೋಗುತ್ತದೆ. ಅದು ತೇಲಬೇಕಾದರೆ ಹೋಗಬೇಕಾದ ವೇಗವನ್ನು ನಿನ್ನ ಮೋಟರು ಕನಸಿನಲ್ಲೂ ಕಂಡಿಲ್ಲ. ಕಾನೂನಿನ ಪ್ರಕಾರ ಲೈಸೆನ್ಸು, ನಂಬರ್ ಪ್ಲೇಟು ಇಲ್ಲದೆ ಓಡಿಸಬೇಕಾದರೆ 250 ವ್ಯಾಟ್‌ನೊಳಗೆ, ಗಂಟೆಗೆ 25 ಕಿಲೋಮೀಟರಿನೊಳಗೆ ಇರಬೇಕು ತಾನೆ? ಒದ್ದೆ ಡಾಂಬರಿನ ಮೇಲೆ ಹಿಡಿತ ಕೊಡುವುದು ರಬ್ಬರು. ಎಷ್ಟು ರಬ್ಬರು ನೆಲಕ್ಕೆ ತಾಗುತ್ತದೋ ಅಷ್ಟು ಹಿಡಿತ. ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಮೊದಲ ಮಳೆಗೆ ಕೊಳೆತು ಅಂಟಿಕೊಂಡ ಹೊಂಗೆ ಹೂವು, ಇವುಗಳ ಮೇಲೆ ಯಾವ ಟೈರೂ ಜಾರುತ್ತದೆ. ಅಲ್ಲಿ ಹ್ಯಾಂಡಲ್ ನೇರ ಇಟ್ಟುಕೋ, ಬ್ರೇಕ್ ಮುಟ್ಟಬೇಡ. ಹಾಗಂತ ಸವೆದು ನೂಲು ಕಾಣುವ ಟೈರನ್ನು ‘ದೊಡ್ಡಪ್ಪ ಬೋಳು ಟೈರು ಒಳ್ಳೇದು ಅಂದ್ರು’ ಅಂತ ಓಡಿಸೀಯೆ, ಹುಷಾರ್! ಹುಟ್ಟಾ ನುಣುಪು ಬೇರೆ, ವಯಸ್ಸಾಗಿ ಸವೆದದ್ದು ಬೇರೆ.

ಸವೆದ ಟೈರು ಅಂದಾಗ ಒಂದು ವಿಷಯ ಹೇಳಿಯೇಬಿಡುತ್ತೇನೆ. ನಿನ್ನಪ್ಪನ ಗದ್ದದ ಮೇಲೆ ಒಂದು ಗಾಯದ ಗುರುತು ಇದೆಯಲ್ಲ, ಗಡ್ಡ ಬೆಳೆಯದ ಗೆರೆ? ಬಾವಿಕಟ್ಟೆಯಿಂದ ಬಿದ್ದದ್ದು ಅಂತ ತಾನೇ ನಿನಗೆ ಹೇಳಿರುವುದು? ಸುಳ್ಳು.

ನನಗಾಗ ಹದಿನೇಳು, ಅವನಿಗೆ ಒಂಬತ್ತು. ಅಪ್ಪ ಚಳ್ಳಕೆರೆ ಸಂತೆಗೆ ಹೋಗಿದ್ದ ದಿನ, ಇಬ್ಬರೂ ಮಾರಿಕಣಿವೆಗೆ ಹೊರಟೆವು. ಸುಮಾರು 20 ಕಿಲೋಮೀಟರ್. ಅಂಗಡಿಯಲ್ಲಿ ಒಳ್ಳೆಯ ಸೈಕಲ್ಲುಗಳು ಇಲ್ಲದೆ ಇರಲಿಲ್ಲ. ನಾನು ತೆಗೆದದ್ದು ಏಳನೇ ನಂಬರಿನದು, ಯಾಕೆಂದರೆ ಡೈನಮೋ ಇದ್ದದ್ದು ಅದೊಂದಕ್ಕೇ. ಹಗಲು ಹೊತ್ತಿನಲ್ಲಿ ಡೈನಮೋ ಯಾಕೆ ಬೇಕಿತ್ತು ಅಂತ ಕೇಳಬೇಡ, ನಿನಗೆ ಈಗ ಬಟನ್ ಯಾಕೆ ಬೇಕೋ ಅದಕ್ಕೇ. ಅದರ ಮುಂದಿನ ಟೈರು ಪಕ್ಕೆಯಲ್ಲಿ ಸೀಳಿತ್ತು. ಅಪ್ಪ ಒಳಗಡೆ ಹಳೇ ಟೈರಿನ ತುಂಡೊಂದನ್ನು ಇಟ್ಟು, ‘ಇದನ್ನ ಊರು ದಾಟಿಸಬೇಡ’ ಅಂದಿದ್ದರು. ಹೋಗುವಾಗ ಏನೂ ಆಗಲಿಲ್ಲ. ಅಣೆಕಟ್ಟು ನೋಡಿದೆವು, ಕಡಲೆಕಾಯಿ ತಿಂದೆವು. ಕೋಡಿಯ ಕಡೆ ಕಲ್ಲು ಒಣಗಿ ಬಿದ್ದಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಆ ಕಟ್ಟೆ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಆ ವರ್ಷ ನಾನೂ ನಿನ್ನಪ್ಪನೂ ಹೋಗಿ ನೋಡಿ ಬಂದೆವಲ್ಲ, ಆಗಲೂ ದಾರಿಯಲ್ಲಿ ಒಂದು ಕಡೆ ಇಬ್ಬರೂ ಸುಮ್ಮನಾದೆವು. ಅವನು ಬಿದ್ದ ಜಾಗವೇ ಅದು.

ವಾಪಸು ಬರುವಾಗ ಇಳಿಜಾರು. ಬಿಸಿಲಿಗೆ ಟ್ಯೂಬು ಉಬ್ಬಿ, ಸೀಳಿನಿಂದ ಕಪ್ಪೆಯ ಗಂಟಲಿನ ಹಾಗೆ ಹೊರಗೆ ಬಂತು. ಒಂದೊಂದು ಸುತ್ತಿಗೂ ಫೋರ್ಕಿಗೆ ಚಟ್ ಚಟ್ ಅಂತ ತಾಗುವುದು ಕೇಳಿಸುತ್ತಿತ್ತು. ನಿಲ್ಲಿಸಬೇಕಿತ್ತು. ಇಳಿಜಾರು ಮುಗಿಯಲಿ ಅಂದುಕೊಂಡೆ. ಢಂ ಅಂದದ್ದಷ್ಟೇ ಗೊತ್ತು, ಅವನು ಕ್ಯಾರಿಯರಿನಿಂದ ಹಾರಿ ಮೈಲಿಕಲ್ಲಿನ ಬುಡಕ್ಕೆ ಗದ್ದ ಹೊಡೆಸಿಕೊಂಡಿದ್ದ. ನನ್ನ ಅಂಗಿಯನ್ನು ಅವನ ಗದ್ದಕ್ಕೆ ಕಟ್ಟಿ, ಸೈಕಲ್ಲು ತಳ್ಳಿಕೊಂಡು ಬಂದೆವು. ಮೂರು ಹೊಲಿಗೆ. ಬಾವಿಕಟ್ಟೆಯ ಕಥೆ ಕಟ್ಟಿದವನು ಅವನೇ. ಒಂಬತ್ತು ವರ್ಷದ ಹುಡುಗ, ನನಗೆ ಬೆಲ್ಟಿನ ಏಟು ಬೀಳಬಾರದು ಅಂತ.

ಅಪ್ಪ ನಂಬಿದರೋ? ಟೈರು ನೋಡಿದ ಮೇಲೆ ಅವರಿಗೆ ಗೊತ್ತಾಗದೆ ಇರುತ್ತದೆಯೇ! ಏನೂ ಕೇಳಲಿಲ್ಲ. ಮಾರನೇ ದಿನ ಆ ಟೈರನ್ನು ನನ್ನ ಮುಂದೆ ಹಾಕಿ, ಕತ್ತಿ ಕೊಟ್ಟು, ತುಂಡು ಮಾಡು ಅಂದರು. ಅಂಚಿನೊಳಗಿನ ತಂತಿ ಕತ್ತಿಗೆ ಜಗ್ಗುವುದಿಲ್ಲ. ಮಧ್ಯಾಹ್ನದವರೆಗೆ ಕೂತು ಕೊಯ್ದೆ.

ನಿನ್ನಪ್ಪ ಇದನ್ನು ಪತ್ರಿಕೆಯಲ್ಲಿ ಓದಿದರೆ ಓದಲಿ. ಅಪ್ಪ ಹೋಗಿ ಇಪ್ಪತ್ತು ವರ್ಷವಾಯಿತು, ಇನ್ನು ಏಟು ಬೀಳುವುದಿಲ್ಲ.

ಈಗ ನನ್ನ ಸಿಟ್ಟಿನ ಕಾರಣ ನಿನಗೆ ತಿಳಿದಿರಬೇಕು. ನಿನ್ನ ಫೋಟೋದಲ್ಲಿ ಟೈರಿನ ಮೇಲುಗಡೆ ಹಿಂದಿನ ಸೀಟೂ ಕಾಣುತ್ತಿತ್ತು, ನಿನ್ನ ಮಗಳು ಪುಟ್ಟಿಯ ಗುಲಾಬಿ ಹೆಲ್ಮೆಟ್ಟೂ. ಲೆಕ್ಕ ಹಾಕು. ಸೈಕಲ್ಲು 24 ಕೆಜಿ, ನೀನು 76, ಪುಟ್ಟಿ 16, ಬ್ಯಾಗು ಲ್ಯಾಪ್‌ಟಾಪು 6. ಒಟ್ಟು 122. ಹಿಂದಿನ ಚಕ್ರದಲ್ಲೇ ಮೋಟರು, ಅದರ ಮೇಲೆ ಮಗು, ಅಂದರೆ ಮುಕ್ಕಾಲು ಪಾಲಿಗೆ ಹತ್ತಿರದ ಭಾರ ಅಲ್ಲೇ. ಟೈರಿನ ಪಕ್ಕೆಯ ಮೇಲೆ ಎಷ್ಟು ಭಾರ ಹೊರುತ್ತದೆ, ಎಷ್ಟು ಗಾಳಿ ಹಿಡಿಯುತ್ತದೆ ಅಂತ ಅಚ್ಚಾಗಿರುತ್ತದೆ. ಬಣ್ಣ ನೋಡಿದ ಕಣ್ಣಿಗೆ ಅದು ಕಾಣಲಿಲ್ಲವೋ? ಇಂಜಿನಿಯರ್ ಓದಿದವನು!

ಬೈದೆ, ಆಯಿತು. ಏನು ಮಾಡಬೇಕು ಅಂತ ಕೇಳು.

ಎರಡಿಂಚಿನ ಆಸುಪಾಸಿನ ಅಗಲ, ನುಣುಪು ತಲೆ ಅಥವಾ ಸಣ್ಣ ಗೀರು, ಒಳಗೆ ಮುಳ್ಳು ತಡೆಯುವ ಪಟ್ಟಿ. ತೀರಾ ತೆಳು ಟೈರು ಬೇಡ, ಅದು ಸ್ವಂತ ತೊಡೆಯಲ್ಲಿ ತುಳಿಯುವವನ ಚಿಂತೆ, ಅವನಿಗೆ ಒಂದೊಂದು ಗ್ರಾಮೂ ಲೆಕ್ಕ. ನಿನಗೆ ಮೋಟರು ಇದೆಯಲ್ಲ, ಪಟ್ಟಿಯ ಭಾರವನ್ನು ಅದು ಹೊರುತ್ತದೆ. ಜರ್ಮನಿಯ ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಅನ್ನುವ ಟೈರಿನಲ್ಲಿ ತಲೆಯ ಕೆಳಗೆ 5 ಮಿಲಿಮೀಟರ್ ದಪ್ಪದ ಮೆದು ರಬ್ಬರಿನ ಪದರವೇ ಇದೆ. ನನ್ನ 41ರಲ್ಲಿ ಎಷ್ಟು ಉಳಿಯುತ್ತಿತ್ತೋ ಅಂತ ಈಗಲೂ ಹೊಟ್ಟೆ ಉರಿಯುತ್ತದೆ. ಅದೇ ಆಗಬೇಕೆಂದಿಲ್ಲ, ಪಟ್ಟಿ ಇರುವುದು ಯಾವುದಾದರೂ ಸರಿ.

ಇದಕ್ಕೆ ಇನ್ನೊಂದು ಕಾರಣ ಇದೆ. ನಿನ್ನ ಹಿಂದಿನ ಚಕ್ರ ಬಿಚ್ಚುವುದು ತಲೆನೋವು, ಮೋಟರಿನ ವೈರು, ದಪ್ಪ ನಟ್ಟು, ವಾಷರಿನ ಸಾಲು. ‘ಬ್ಯಾಟರಿ ಸೈಕಲ್ಲಾ, ಬೇಡ ಸಾರ್’ ಅಂತ ಪಂಕ್ಚರ್ ಅಂಗಡಿಯವನು ಕೈ ಆಡಿಸುತ್ತಾನೆ. ಅಂಥ ಹೊತ್ತಿಗೆ ನಮ್ಮ ಹಳೇ ವಿದ್ಯೆ ನೆನಪಿಟ್ಟುಕೋ: ಚಕ್ರ ಬಿಚ್ಚಲೇಬೇಕಿಲ್ಲ. ಸೈಕಲ್ಲು ಮಲಗಿಸಿ, ಲಿವರಿನಲ್ಲಿ ಟೈರಿನ ಒಂದು ಪಕ್ಕ ಎಬ್ಬಿಸಿ, ಟ್ಯೂಬನ್ನು ಅಷ್ಟು ಹೊರಗೆಳೆದು, ತೂತು ಹುಡುಕಿ ಪ್ಯಾಚು ಹಾಕು. ನಾವು ಹಿಂದಿನ ಚಕ್ರ ಬಿಚ್ಚಿದ್ದೇ ಅಪರೂಪ. ಹಾಕುವ ಮುನ್ನ ಟೈರಿನ ಒಳಗೆ ಬೆರಳಾಡಿಸು, ಮುಳ್ಳು ಅಲ್ಲೇ ಕೂತಿರುತ್ತದೆ.

ಅಳತೆಯ ವಿಷಯದಲ್ಲಿ ಮೋಸ ಹೋಗಬೇಡ. ಒಂದೂಮುಕ್ಕಾಲು, 1.75 ಎರಡೂ ಒಂದೇ ಅಂತ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ಟೈರಿನವರು ನನ್ನ ಮಾನ ಕಳೆದರು. 26×1¾ ಅಂತ ಬರೆದ ಟೈರು ಕೂರುವ ರಿಮ್ಮಿನ ವ್ಯಾಸ 571 ಮಿಲಿಮೀಟರ್, 26×1.75 ಅಂತ ಬರೆದದ್ದಕ್ಕೆ 559. ಒಂದರ ರಿಮ್ಮಿಗೆ ಇನ್ನೊಂದು ಹತ್ತುವುದಿಲ್ಲ. ನಮ್ಮ ಹಳೇ 28×1½ರ ರಿಮ್ಮು 635. ಈಗ 28 ಅಂತ ಮಾರುವ ಹೊಸ ಸೈಕಲ್ಲಿನದು 622, ಅದನ್ನೇ ಇನ್ನೊಬ್ಬ 29 ಅನ್ನುತ್ತಾನೆ! ಇಂಚು ಬಿಡು. ಈಗಿರುವ ಟೈರಿನ ಪಕ್ಕೆಯ ಮೇಲೆ 50-559 ಅನ್ನುವ ಥರ ಇನ್ನೊಂದು ಸಂಖ್ಯೆ ಇರುತ್ತದೆ, ಮೊದಲನೆಯದು ಅಗಲ, ಎರಡನೆಯದು ರಿಮ್ಮು. ಎರಡನೆಯದು ಚಾಚೂ ತಪ್ಪಬಾರದು.

ಗಾಳಿ ಭಾನುವಾರ ಬೆಳಿಗ್ಗೆ, ಮೀಟರ್ ಇರುವ ಪಂಪಿನಲ್ಲಿ. ಎರಡಿಂಚಿನ ಟೈರಿಗೆ ಮುಂದೆ 35, ಹಿಂದೆ 45 ಪಿಎಸ್‌ಐನಿಂದ ಶುರು ಮಾಡು, ಪಕ್ಕೆಯ ಮೇಲಿನ ಮಿತಿ ದಾಟಬೇಡ. ಹೆಬ್ಬೆರಳಲ್ಲಿ ಒತ್ತಿ ನೋಡುವುದು ತಾತನಿಗೆ ಸರಿ, ನಿನ್ನ ಹೆಬ್ಬೆರಳು ಫೋನು ಉಜ್ಜಿ ಮೆತ್ತಗಾಗಿದೆ. ಪೆಟ್ರೋಲ್ ಬಂಕಿನ ಗಾಳಿ ಬೇಡ, ಸಣ್ಣ ಟ್ಯೂಬಿಗೆ ಕಣ್ಣು ಮಿಟುಕಿಸುವುದರಲ್ಲಿ ಹೆಚ್ಚಾಗಿಬಿಡುತ್ತದೆ. ಗಾಳಿಯೇ ಬೇಡದ ಗಟ್ಟಿ ಟೈರು ಅಂತಲೂ ಮಾರುತ್ತಾರಂತೆ. 1888ರಲ್ಲಿ ಬೆಲ್‌ಫಾಸ್ಟಿನ ದನದ ಡಾಕ್ಟರ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲು ಕುಲುಕುವುದನ್ನು ತಪ್ಪಿಸಲು ಗಾಳಿ ತುಂಬಿದ ಟೈರು ಮಾಡಿದ. ಪುಟ್ಟಿಯನ್ನು ಕೂರಿಸಿಕೊಂಡು ಅದಕ್ಕಿಂತ ಹಿಂದಕ್ಕೆ ಹೋಗುತ್ತೀಯಾ?

ಎರಡೂ ಕಡೆಯ ಮಾತು ಹೇಳುತ್ತೇನೆ ಅಂದಿದ್ದೆ. ಬಟನ್ ಟೈರಿನ ಪರವಾಗಿ ಹೇಳುವುದಾದರೆ, ನೋಡಲು ಚೆನ್ನಾಗಿದೆ. ಊರಿಗೆ ಬಂದಾಗ ತೋಟಕ್ಕೆ ಓಡಿಸಲೂ ಆಗುತ್ತದೆ, ವರ್ಷಕ್ಕೆ ಎರಡು ಸಲ.

ಹಳೆಯ ಟೈರುಗಳನ್ನು ಗುಜರಿಗೆ ಹಾಕಬೇಡ, ದೀಪಾವಳಿಗೆ ಬರುವಾಗ ತಾ. ಪಕ್ಕದ ಮನೆ ಹುಡುಗ ದಿನಾ ತೋಟದ ಮಣ್ಣುದಾರಿಯಲ್ಲೇ ಹಾಲು ತರುವುದು. ಅವನ ಸೈಕಲ್ಲಿನ ನಂಬರು ಬಗ್ಗಿ ನೋಡಿ ಬಂದಿದ್ದೇನೆ, 559. ನಿನ್ನದೂ ಅದೇನಾ ಅಂತ ಇವತ್ತು ಸಂಜೆಯೊಳಗೆ ತಿಳಿಸು. ಫೋಟೋ ಬೇಡ, ಫೋನ್ ಮಾಡು.

ಇಂತಿ ನಿನ್ನ
ದೊಡ್ಡಪ್ಪ